ನಮ್ಮ ಹುಡುಗನ ಎರರ್ ಲೆಕ್ಕ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಗದಗಿನ ಶಾಲೆಯಲ್ಲಿ ಒಬ್ಬನ ಹಲ್ಲು ಮುರಿದಿದ್ದೆ. ಆಸ್ಟಿನ್‌ಗೆ ಬಂದ ಮೇಲೆ ಆಫೀಸಿನ ಪ್ರಿಂಟರ್ ಒದ್ದು ವಾರ್ನಿಂಗ್ ತಿಂದಿದ್ದೆ. ಅಂಕಿ ಅಂಶದವನು ಅಂದರೆ ಸಾಧು ಮನುಷ್ಯ ಎಂದು ಜನ ತಿಳಿಯುತ್ತಾರೆ, ಅದಕ್ಕೇ ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಸರು ಶ್ರೀಶೈಲ್. ಫ್ಲೂಗರ್‌ವಿಲ್‌ನಲ್ಲಿ ಮನೆ, ಚಿಪ್ ತಯಾರಿಸುವ ಕಂಪನಿಯಲ್ಲಿ ಕೆಲಸ. ತಯಾರಾದ ಚಿಪ್‌ಗಳಲ್ಲಿ ಎಷ್ಟು ಕೆಟ್ಟಿವೆ, ಯಾವ ಯಂತ್ರದಲ್ಲಿ ಕೆಟ್ಟಿವೆ ಎಂದು ಎಣಿಸಿ ಹೇಳುವುದು ನನ್ನ ಉದ್ಯೋಗ.

ಸಂಜೆ ಮತ್ತು ವಾರದ ಕೊನೆಗೆ ಇನ್ನೊಂದು ಕೆಲಸವಿತ್ತು. ಮನೆಯಿಂದ ಹದಿನೈದು ನಿಮಿಷ ಡ್ರೈವ್ ಮಾಡಿದರೆ ಒಂದು ಸಣ್ಣ ಬೇಸ್‌ಬಾಲ್ ಕ್ಲಬ್ಬಿನ ಮೈದಾನ. ಟಿವಿಯಲ್ಲಿ ಬರುವ ದೊಡ್ಡ ಲೀಗ್ ಅಲ್ಲ, ಅಲ್ಲಿಗೆ ಹೋಗಬೇಕೆಂದು ಹಲ್ಲು ಕಚ್ಚಿ ಆಡುವ ಹುಡುಗರ ಲೀಗ್. ಅಲ್ಲಿ ನಾನು ಅಧಿಕೃತ ಸ್ಕೋರರ್. ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಹುದ್ದೆಯ ಗತ್ತು ತಿಳಿಯುವುದಿಲ್ಲ. ಕ್ರಿಕೆಟ್‌ನಲ್ಲಿ ಸುಲಭದ ಚೆಂಡು ಬಿಟ್ಟವನು ಬೈಸಿಕೊಳ್ಳುತ್ತಾನೆ, ಅಲ್ಲಿಗೆ ಮುಗಿಯಿತು. ಬೇಸ್‌ಬಾಲ್‌ನಲ್ಲಿ ಅದು ಎರರ್ ಎಂದು ಅವನ ಹೆಸರಿನ ಮುಂದೆ ದಾಖಲಾಗಿ ಕೊನೆಯವರೆಗೂ ಉಳಿಯುತ್ತದೆ. ಚೆಂಡು ಕಷ್ಟದ್ದಾಗಿದ್ದರೆ ಮಾತ್ರ ಅದು ಹಿಟ್, ಅಂದರೆ ಹೊಡೆದವನ ಗೆಲುವು. ಆಗ ಫೀಲ್ಡರ್ ಬಚಾವ್, ಅದರಿಂದ ಬಂದ ರನ್ನೆಲ್ಲ ಚೆಂಡು ಎಸೆದ ಪಿಚರ್‌ನ ತಲೆಗೆ. ಹಿಟ್ಟೋ ಎರರೋ ಎಂದು ಹೇಳುವವನು ಮೇಲಿನ ಬೂತಿನಲ್ಲಿ ಪೆನ್ಸಿಲ್ ಹಿಡಿದು ಕೂತ ಒಬ್ಬನೇ ಮನುಷ್ಯ. ಆ ಮನುಷ್ಯ ನಾನಾಗಿದ್ದೆ.

2013ರಲ್ಲಿ ನಮ್ಮ ಕ್ಲಬ್ಬಿಗೆ ದುಷ್ಯಂತ್ ಬಂದ. ಇಪ್ಪತ್ತೆರಡು ವರ್ಷ, ಹುಟ್ಟಿದ್ದು ಬೆಳೆದದ್ದು ಹ್ಯೂಸ್ಟನ್. ಅಪ್ಪ ಮೋಹನರಾಜ, ಅಮ್ಮ ನಾಗಮಣಿ, ಇಬ್ಬರೂ ಮೈಸೂರಿನವರು. ಹುಡುಗ ಶಾರ್ಟ್‌ಸ್ಟಾಪ್, ಅಂದರೆ ರನ್ನಿಗೆ ಓಡುವವನು ಮುಟ್ಟಬೇಕಾದ ನಾಲ್ಕು ಬೇಸ್‌ಗಳಲ್ಲಿ ಎರಡನೆಯದು ಮತ್ತು ಮೂರನೆಯದರ ನಡುವೆ ನಿಲ್ಲುವವನು. ಮೈದಾನದಲ್ಲಿ ಅತಿ ಹೆಚ್ಚು ಚೆಂಡು ಬರುವುದು ಅಲ್ಲಿಗೇ. ಇಂಥ ಕ್ಲಬ್ಬುಗಳಲ್ಲಿ ಆಟಗಾರರಿಗೆ ಊರಿನವರೇ ಮನೆಯಲ್ಲಿ ಜಾಗ ಕೊಡುವ ಪದ್ಧತಿಯಿದೆ. ಕನ್ನಡದ ಹುಡುಗ ಅಂದ ಮೇಲೆ ಬೇರೆಯವರ ಮನೆಗೆ ಕಳಿಸುವುದುಂಟೇ? ನಮ್ಮ ಮನೆಯ ಮೇಲಿನ ಕೋಣೆ ಕೊಟ್ಟೆವು. ನನ್ನ ಹೆಂಡತಿ ಸೌಂದರ್ಯಾ ರೊಟ್ಟಿ ಬಡಿಯುವಾಗ ಅವನು ಒಲೆಯ ಪಕ್ಕದಲ್ಲೇ ನಿಂತು ಬಿಸಿಬಿಸಿ ತಿನ್ನುತ್ತಿದ್ದ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆಯ ಕನ್ನಡ ಸಂಘದವರು ವಾಟ್ಸಾಪಿನಲ್ಲಿ ಅವನಿಗೆ ಇಟ್ಟಿದ್ದ ಹೆಸರು ‘ನಮ್ಮ ಹುಡುಗ’.

ಮೊದಲ ತಿಂಗಳಲ್ಲೇ ಒಂದು ದಿನ ನಾಗಮಣಿ ಆಟ ನೋಡಲು ಬಂದಿದ್ದರು. ಎದೆಯ ಮಟ್ಟಕ್ಕೆ ಬಂದ ಚೆಂಡು ದುಷ್ಯಂತನ ಗ್ಲೌಸಿಗೆ ತಾಗಿ ಕೆಳಗೆ ಬಿತ್ತು. ಆರು ವರ್ಷದ ಮಗುವೂ ಎರರ್ ಅನ್ನುತ್ತಿತ್ತು. ತಾಯಿ ನೋಡುತ್ತಿದ್ದಾಳೆ ಎಂದುಕೊಂಡು ನಾನು ಹಿಟ್ ಎಂದು ಬರೆದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಾನಂತೂ ಹೆತ್ತವನೂ ಅಲ್ಲ. ಎರಡನೇ ಸಲ ಬರೆಯುವಾಗ ಕಾರಣವನ್ನೂ ಹುಡುಕಲಿಲ್ಲ.

ಇದರಲ್ಲಿ ಸುಟ್ಟುಹೋದವನು ವೇಡ್ ಕುಬೆನಾ. ಟೇಲರ್ ಊರಿನವನು, ಎಡಗೈ ಪಿಚರ್. ಅವನ ಚೆಂಡನ್ನು ಬ್ಯಾಟ್ಸ್‌ಮನ್‌ಗಳು ನೆಲಕ್ಕೇ ಹೊಡೆಯುತ್ತಿದ್ದರು. ನೆಲದ ಚೆಂಡು ಹೆಚ್ಚಾಗಿ ಹೋಗುತ್ತಿದ್ದದ್ದು ಶಾರ್ಟ್‌ಸ್ಟಾಪ್ ಕಡೆಗೆ. 2014ರ ಜೂನ್‌ನಲ್ಲಿ ಒಂದು ಸಂಜೆ, ನೇರ ಬಂದ ಚೆಂಡು ದುಷ್ಯಂತನ ಎರಡು ಕಾಲಿನ ನಡುವೆ ಹಾದುಹೋಗಿ ಎರಡು ರನ್ ಬಂತು. ನಾನು ಹಿಟ್ ಅಂದೆ. ಆಟ ಮುಗಿದ ಮೇಲೆ ಕುಬೆನಾ ಕೆಸರು ಬೂಟಿನಲ್ಲೇ ಮೆಟ್ಟಿಲು ಹತ್ತಿ ಬೂತಿಗೆ ಬಂದ. ಕೈಯಲ್ಲಿ ಟೋಪಿ, ಮಾತಿನಲ್ಲಿ ಸರ್ ಸರ್ ಎಂಬ ಮರ್ಯಾದೆ. ತೀರ್ಪು ಬದಲಿಸಲು ನಿಯಮದಲ್ಲಿ ಇಪ್ಪತ್ತನಾಲ್ಕು ಗಂಟೆ ಸಮಯವಿದೆ, ಒಂದು ಸಲ ವಿಡಿಯೋ ನೋಡಿ, ಅಷ್ಟು ಸಾಕು ಅಂದ. ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಕುರ್ಚಿಯನ್ನು ಎತ್ತಿ ಗೋಡೆಗೆ ಬಡಿದೆ. ನನ್ನ ಕಣ್ಣು ನನಗಿದೆ, ನಿನ್ನ ಕೈಲಾಗದ್ದಕ್ಕೆ ಇನ್ನೊಬ್ಬನನ್ನು ದೂರಬೇಡ, ಹೊರಗೆ ನಡೆ ಎಂದು ಕೂಗಿದೆ. ಅವನು ಮುರಿದ ಕುರ್ಚಿಯ ಕಾಲನ್ನು ಬದಿಗೆ ಸರಿಸಿಟ್ಟು ಇಳಿದುಹೋದ.

ಆ ರಾತ್ರಿ ಊಟಕ್ಕೆ ಕೂತಾಗ ದುಷ್ಯಂತ್ ತಟ್ಟೆ ನೋಡುತ್ತಲೇ ಕೇಳಿದ, ಅಂಕಲ್, ಆ ಚೆಂಡು ನನ್ನದೇ ಅಲ್ಲವೇ ಎಂದು. ಇಲ್ಲ, ಕೊನೇ ಗಳಿಗೆಯಲ್ಲಿ ಅಡ್ಡ ಪುಟಿಯಿತು, ಯಾರಿಗೂ ಸಿಗುತ್ತಿರಲಿಲ್ಲ ಅಂದೆ. ಸೌಂದರ್ಯಾ ಅಂದು ಸ್ಟ್ಯಾಂಡಿನಲ್ಲಿ ಕೂತು ಆಟ ನೋಡಿದ್ದಳು.

“ಕಾಲ ಸಂದ್ಯಾಗಿಂದ ಹೋತಲ್ರಿ ಅದು,” ಅಂದಳು.

ನಿನಗೇನು ಗೊತ್ತಾಗುತ್ತದೆ ಎಂದು ನಾನು ಗದರಿದೆ. ಅವಳು ಎದ್ದು ಒಲೆಯ ಹತ್ತಿರ ಹೋದಳು. ದುಷ್ಯಂತನ ಮುಖ ಮಾತ್ರ ಹಗುರಾಯಿತು. ಅವನು ನನ್ನನ್ನು ನಂಬಿದ್ದ.

ಮರುದಿನ ಆಟಗಾರರ ಕೋಣೆಯಲ್ಲಿ ಕುಬೆನಾ ಅವನನ್ನು ಕೇಳಿದನಂತೆ, ನೀನೇ ಹೇಳು, ಅದು ನಿನ್ನ ತಪ್ಪಲ್ಲವೇ ಎಂದು. ಸ್ಕೋರ್ ಪುಸ್ತಕ ತೆಗೆದು ಓದಿಕೋ ಎಂದು ನಮ್ಮ ಹುಡುಗ ಉತ್ತರ ಕೊಟ್ಟ. ನನ್ನ ಪುಸ್ತಕದ ಬಲದ ಮೇಲೆ ಅಂದ ಮಾತದು. ಇಬ್ಬರೂ ಎದೆಗೆ ಎದೆ ಕೊಟ್ಟು ನಿಂತರು, ತಳ್ಳಾಟವಾಯಿತು, ಲಾಕರಿನ ಕಬ್ಬಿಣದ ಬಾಗಿಲು ಬಡಿದು ಕುಬೆನಾನ ಹುಬ್ಬು ಸೀಳಿತು. ಮೂರು ಹೊಲಿಗೆ. ಜುಲೈನಲ್ಲಿ ಕ್ಲಬ್ಬಿನವರು ಅವನ ಅಂಕಿ ನೋಡಿದರು. ತೊಂಬತ್ತೆರಡು ಇನಿಂಗ್ಸ್, ಅವನ ತಲೆಗೆ ಐವತ್ತೇಳು ರನ್, ಅಂದರೆ ಒಂದು ಪಂದ್ಯದ ಒಂಬತ್ತು ಇನಿಂಗ್ಸಿಗೆ ಸರಾಸರಿ 5.58. ಇಷ್ಟು ಕೊಡುವ ಪಿಚರ್ ಬೇಡ ಎಂದು ಮನೆಗೆ ಕಳಿಸಿದರು. ಪೀಡೆ ತೊಲಗಿತು ಎಂದು ನಾನು ಖುಷಿಪಟ್ಟೆ.

ಚಳಿಗಾಲ ಕಳೆದ ಮೇಲೆ ಡಾಲಸ್ ಕಡೆಯ, ಮೆಕಿನ್ನಿ ಹತ್ತಿರದ ಒಂದು ಕ್ಲಬ್ ಕುಬೆನಾನನ್ನು ತೆಗೆದುಕೊಂಡಿತು. 2015ರ ಜೂನ್, ಒಂದು ಭಾನುವಾರ ಮಧ್ಯಾಹ್ನ, ಆ ತಂಡ ನಮ್ಮ ಮೈದಾನಕ್ಕೆ ಬಂತು. ನಲವತ್ತು ಡಿಗ್ರಿ ಬಿಸಿಲು. ಪಿಚ್ ಮಾಡಲು ನಿಂತವನು ಕುಬೆನಾ. ಮೊದಲ ಇನಿಂಗ್ಸಿನಲ್ಲಿ ದುಷ್ಯಂತ್ ಅವನ ಚೆಂಡನ್ನು ಬೇಲಿಯವರೆಗೆ ಹೊಡೆದು ಎರಡನೇ ಬೇಸಿನಲ್ಲಿ ನಿಂತು ನಕ್ಕ. ಮೂರನೇ ಇನಿಂಗ್ಸಿನಲ್ಲಿ ಮತ್ತೆ ಬ್ಯಾಟ್ ಹಿಡಿದು ಬಂದ.

ಚೆಂಡು ಗಂಟೆಗೆ ತೊಂಬತ್ತೆರಡು ಮೈಲಿ ವೇಗದಲ್ಲಿ ನೇರ ಮುಖಕ್ಕೆ ಬಂತು. ಹೆಲ್ಮೆಟ್ಟಿಗೆ ತಾಗಲಿಲ್ಲ, ಎಡಗಣ್ಣಿನ ಕೆಳಗೆ ಮೂಳೆಗೆ ಹೊಡೆಯಿತು. ಒಣ ತೆಂಗಿನಕಾಯಿ ಒಡೆದ ಸದ್ದು ಬೂತಿನವರೆಗೂ ಕೇಳಿತು. ಹುಡುಗ ಮೊಣಕಾಲೂರಿ ಬಿದ್ದ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡ, ಬೆರಳ ಸಂದಿನಿಂದ ರಕ್ತ ಸುರಿದು, ಬ್ಯಾಟ್ ಮಾಡುವವನ ಪಕ್ಕ ನೆಲದಲ್ಲಿ ಹುಗಿದ ಬಿಳಿ ಪ್ಲೇಟನ್ನು ತೋಯಿಸಿತು. ಎರಡೂ ಕಡೆಯ ಆಟಗಾರರು ಮೈದಾನಕ್ಕೆ ನುಗ್ಗಿದರು. ಅವರ ಕ್ಯಾಚರ್ ತನ್ನ ಕಬ್ಬಿಣದ ಮುಖವಾಡವನ್ನೇ ಬೀಸಿ ನಮ್ಮವನೊಬ್ಬನ ಬಾಯಿಗೆ ಬಡಿದ. ಯಾರೋ ಯಾರದೋ ಕಿವಿ ಹಿಡಿದು ನೆಲಕ್ಕೆ ಎಳೆಯುತ್ತಿದ್ದರು. ಉಗುಳು, ಕೆಂಪು ಮಣ್ಣು, ಕೆಟ್ಟ ಬೈಗುಳ.

ಸ್ಕೋರರ್ ಆದವನು ಬೂತು ಬಿಡಬಾರದು. ನಾನು ಕಬ್ಬಿಣದ ಮೆಟ್ಟಿಲನ್ನು ಮೂರು ಮೂರರಂತೆ ಹಾರಿ ಇಳಿದೆ, ಗೇಟು ದಾಟಿದೆ, ಗುಂಪಿನೊಳಗೆ ತಲೆ ಹಾಕಿದೆ. ಬೆನ್ನಿಗೆ ಒಂದು ಗುದ್ದು ಬಿತ್ತು, ಗೊತ್ತಾಗಲೂ ಇಲ್ಲ. ಕುಬೆನಾ ಐದಾರು ಜನರ ಅಡಿಯಲ್ಲಿ ಬೋರಲು ಬಿದ್ದಿದ್ದ. ಅವನ ಎಡಗೈ ಒಂದೇ ಹೊರಗೆ ಚಾಚಿಕೊಂಡಿತ್ತು, ಅಂಗೈ ನೆಲಕ್ಕೆ, ಬೆರಳು ಅಗಲಿಸಿಕೊಂಡು. ಅದು ಯಾರ ಕೈ ಎಂದು ನನಗೆ ಗೊತ್ತಿತ್ತು. ದಪ್ಪ ಹಿಮ್ಮಡಿಯ ಚರ್ಮದ ಬೂಟು ಹಾಕಿಕೊಂಡಿದ್ದೆ. ಕಾಲೆತ್ತಿ ತುಳಿದೆ. ಮೊದಲನೆಯದು ನೂಕುನುಗ್ಗಲಿನಲ್ಲಿ ಆಯಿತು ಎಂದು ಇವತ್ತೂ ಹೇಳಿಕೊಳ್ಳಬಹುದು. ಎರಡನೆಯದಕ್ಕೆ ಅಂಥ ನೆಪವಿಲ್ಲ. ಮೂರನೆಯ ಸಲ ಹಿಮ್ಮಡಿಯನ್ನು ಊರಿ ತಿರುಗಿಸಿದೆ, ಬೆರಳು ಮುರಿಯುವುದು ಕಾಲಿಗೆ ತಿಳಿಯಿತು. ಅಡಿಯಿಂದ ಒಂದು ಕೂಗು ಬಂತು. ನನಗೆ ಹಿತವಾಯಿತು. ಆ ಹಿತವನ್ನು ಬಚ್ಚಿಟ್ಟು ಈ ಕಥೆ ಹೇಳಿ ಪ್ರಯೋಜನವಿಲ್ಲ.

ಆಮೇಲೆ ಮೇಲೆ ಹತ್ತಿ ಹೋಗಿ ಪುಸ್ತಕದಲ್ಲಿ ದುಷ್ಯಂತನ ಹೆಸರಿನ ಮುಂದಿನ ಚೌಕದಲ್ಲಿ, ಪಿಚರ್‌ನ ಚೆಂಡು ತಾಗಿತು ಎಂಬ ಗುರುತು ಹಾಕಿದೆ. ನಾನು ಮಾಡಿದ್ದಕ್ಕೆ ಆ ಪುಸ್ತಕದಲ್ಲಿ ಗುರುತೇ ಇಲ್ಲ.

ದುಷ್ಯಂತನ ಕೆನ್ನೆಯ ಮೂಳೆ ನಾಲ್ಕು ಚೂರಾಗಿತ್ತು. ಎರಡು ಆಪರೇಷನ್ ಆದರೂ ಎಡಗಣ್ಣಿಗೆ ದೃಷ್ಟಿ ಬರಲಿಲ್ಲ. ಹ್ಯೂಸ್ಟನ್‌ನಿಂದ ಓಡಿಬಂದ ಮೋಹನರಾಜ ಆಸ್ಪತ್ರೆಯಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡು, ನೀವಿಲ್ಲದಿದ್ದರೆ ಇವನಿಗೆ ಇಲ್ಲಿ ಯಾರಿದ್ದರು ಎಂದು ಅತ್ತರು. ಲೀಗಿನವರು ಕುಬೆನಾನನ್ನು ಶಾಶ್ವತವಾಗಿ ಹೊರಗೆ ಹಾಕಿದರು. ಅವನ ಮೂರು ಬೆರಳು ಪುಡಿಯಾಗಿದ್ದವು, ಹೇಗೂ ಅವನು ಇನ್ನು ಎಸೆಯುವಂತಿರಲಿಲ್ಲ. ವಿಚಾರಣೆಗೆ ಬಂದವರು ನಲವತ್ತು ಜನರ ಗುಂಪಿನಲ್ಲಿ ಯಾರು ತುಳಿದರೆಂದು ತಿಳಿಯದೆ ಬಿಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ದಡ್ಡ ನಾನಲ್ಲ. ಏನೂ ಕಾಣಲಿಲ್ಲ ಎಂದು ಬರೆದು ಸಹಿ ಹಾಕಿದೆ.

ಅಕ್ಟೋಬರಿನಲ್ಲಿ ಮೋಹನರಾಜ ಫೋನ್ ಮಾಡಿದರು. ಹ್ಯೂಸ್ಟನ್ ಸಂಘದವರು ರಾಜ್ಯೋತ್ಸವದ ಸಮಾರಂಭದಲ್ಲಿ ದುಷ್ಯಂತನಿಗೆ ಸನ್ಮಾನ ಮಾಡುತ್ತಾರಂತೆ. ಅವನ ಮೂರು ವರ್ಷದ ಆಟವನ್ನು ಒಂದು ಹಾಳೆಯಲ್ಲಿ ತೂಕ ಹಾಕಿ ಬರೆದು ವೇದಿಕೆಯಲ್ಲಿ ಓದಬೇಕಂತೆ. ಹುಡುಗ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದ.

“ನೀವು ಬರೆದ್ರೆ ಅವನಿಗೆ ಸ್ವಲ್ಪ ಧೈರ್ಯ ಬರುತ್ತೆ. ತಾನು ಏನೂ ಅಲ್ಲ ಅಂತ ಕೂತುಬಿಟ್ಟಿದಾನೆ,” ಅಂದರು.

ಬರೆಯಲು ಕೂತೆ. ಶಾರ್ಟ್‌ಸ್ಟಾಪ್ ಒಬ್ಬನನ್ನು ಅಂಕಿಯಲ್ಲಿ ತೂಗುವುದು ಕಷ್ಟವೇನಲ್ಲ. ಅವನ ಕಡೆಗೆ ಎಷ್ಟು ಚೆಂಡು ಬಂದವು, ಎಷ್ಟನ್ನು ಮುಟ್ಟಿದ, ಎಷ್ಟರಲ್ಲಿ ಎದುರಾಳಿ ಔಟಾದ, ಎಷ್ಟು ಎರರ್. ಬ್ಯಾಟಿಂಗ್ ಚೆನ್ನಾಗಿತ್ತು, ನೂರಕ್ಕೆ ಇಪ್ಪತ್ತೆಂಟು ಸಲ ಹಿಟ್. ಎರರ್ ಒಟ್ಟು ಐವತ್ತು. ರೂಢಿಯಂತೆ ಅದನ್ನು ಎರಡು ಭಾಗ ಮಾಡಿದೆ. ಬೇರೆ ಊರುಗಳಲ್ಲಿ ನಲವತ್ತೊಂದು, ನಮ್ಮ ಮೈದಾನದಲ್ಲಿ ಒಂಬತ್ತು. ಪಂದ್ಯಗಳು ಎರಡೂ ಕಡೆ ಹೆಚ್ಚುಕಡಿಮೆ ಸಮ.

ಆಫೀಸಿನಲ್ಲಿ ಹೊಸದಾಗಿ ಸೇರಿದವರಿಗೆ ಮೊದಲ ದಿನ ನಾನೇ ಹೇಳಿಕೊಡುವ ಮಾತೊಂದಿದೆ. ಒಂದೇ ಯಂತ್ರದ ಚಿಪ್ ಒಬ್ಬ ಇನ್‌ಸ್ಪೆಕ್ಟರ್ ಮೇಜಿನಲ್ಲಿ ಒಂಬತ್ತು ಕೆಟ್ಟಿವೆ, ಇನ್ನೊಬ್ಬನ ಮೇಜಿನಲ್ಲಿ ನಲವತ್ತೊಂದು ಕೆಟ್ಟಿವೆ ಅಂದರೆ ಯಂತ್ರ ಬಿಚ್ಚಬೇಡಿ, ಇನ್‌ಸ್ಪೆಕ್ಟರನ್ನು ಹಿಡಿಯಿರಿ. ಒಂಬತ್ತು ಬರೆದ ಇನ್‌ಸ್ಪೆಕ್ಟರ್ ನಾನೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಕ್ಲಬ್ಬಿನಿಂದ ವಿಡಿಯೋ ತರಿಸಿ ಎರಡು ವಾರ ನೋಡಿದೆ. ಬೇರೆ ಯಾರದೋ ಮಗನೆಂದು ತಿಳಿದು ಒಂದೊಂದು ಚೆಂಡಿಗೂ ಮತ್ತೆ ತೀರ್ಪು ಬರೆದೆ. ನಮ್ಮ ಮೈದಾನದಲ್ಲಿ ಅವನ ಎರರ್ ಒಂಬತ್ತಲ್ಲ, ಮೂವತ್ತೆಂಟು. ನಾನು ಮುಚ್ಚಿಟ್ಟವು ಇಪ್ಪತ್ತೊಂಬತ್ತು. ಅವುಗಳಲ್ಲಿ ಬಹುಪಾಲು ಅವನ ಬಲಗಡೆಗೆ ಬಂದ ಚೆಂಡುಗಳು. ಅಂಕಿ ನಿಜ ಹೇಳಿದ್ದರೆ ಕೋಚ್‌ಗೆ ಮೊದಲ ವರ್ಷವೇ ತಿಳಿದು ಒಂದು ಚಳಿಗಾಲದಲ್ಲಿ ತಿದ್ದಿಬಿಡುತ್ತಿದ್ದ. ಬೇರೆ ಊರಿನ ಎರರ್‌ಗಳನ್ನು ಕೆಟ್ಟ ಮೈದಾನ, ಬಸ್ಸಿನ ಸುಸ್ತು ಎಂದು ಎಲ್ಲರೂ ತಳ್ಳಿಹಾಕಿದ್ದರು, ಯಾಕೆಂದರೆ ಮನೆಯಲ್ಲಿ ಹುಡುಗ ಬಂಗಾರದಂತೆ ಆಡುತ್ತಿದ್ದನಲ್ಲ. ಮುಚ್ಚಿಟ್ಟ ಇಪ್ಪತ್ತೊಂಬತ್ತರಲ್ಲಿ ಹನ್ನೊಂದು ಕುಬೆನಾ ಎಸೆದಾಗ ಆದವು. ಅದರಿಂದ ಅವನ ತಲೆಗೆ ಕಟ್ಟಿದ್ದು ಹದಿನೇಳು ರನ್. ಅದನ್ನು ತೆಗೆದರೆ ಅವನ ಸರಾಸರಿ 5.58 ಅಲ್ಲ, 3.91. ಆ ಲೀಗಿನಲ್ಲಿ 3.91 ಇದ್ದವನನ್ನು ಯಾರೂ ಮನೆಗೆ ಕಳಿಸುವುದಿಲ್ಲ.

ಅವನು ಎಸೆದದ್ದು ಕೊಲೆಗೆಲಸವೇ. ಆದರೆ ಅವನ ಮೈಯಲ್ಲಿ ಆ ವಿಷ ತುಂಬಿದವನು ನಾನು. ಸೌಂದರ್ಯಾಳನ್ನು ಕರೆದು ಕೂರಿಸಿ ಪೆನ್ಸಿಲ್ಲಿನ ಕೆಲಸ ಮೊದಲು ಹೇಳಿದೆ, ಬೂಟಿನ ಕೆಲಸ ಆಮೇಲೆ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ.

“ನಾ ನೋಡೀನ್ರಿ,” ಅಂದಳು. “ಮೂರು ಸರ್ತಿ. ಮ್ಯಾಲೆ ಸ್ಟ್ಯಾಂಡಿನಾಗ ಕೂತಿದ್ನಲ್ಲ.”

ಆ ಭಾನುವಾರದಿಂದ ಅವಳು ಯಾಕೆ ನನ್ನ ಹತ್ತಿರ ಮಾತು ಕಡಿಮೆ ಮಾಡಿದಳು ಎಂದು ಐದು ತಿಂಗಳಾದ ಮೇಲೆ ನನಗೆ ತಿಳಿಯಿತು.

ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ಹ್ಯೂಸ್ಟನ್‌ನ ಹಾಲ್ ತುಂಬಿತ್ತು, ನಾನೂರು ಜನ. ಮುಂದಿನ ಸಾಲಿನಲ್ಲಿ ಮೈಸೂರು ಪೇಟ ತೊಟ್ಟು, ಎಡಗಣ್ಣಿಗೆ ಕಪ್ಪು ಪಟ್ಟಿ ಕಟ್ಟಿ ದುಷ್ಯಂತ್ ಕೂತಿದ್ದ. ಸಂಘದ ಅಧ್ಯಕ್ಷ ಶ್ರೀಪತಿ ನನ್ನನ್ನು ಕರೆದು ಮೈಕ್ ಕೊಟ್ಟರು. ಎಲ್ಲರೆದುರು ಹೇಳಿ ಉಗಿಸಿಕೊಂಡರೆ ಭಾರ ಇಳಿಯುತ್ತದೆ ಎಂದು ನಿಶ್ಚಯಿಸಿ ಬಂದಿದ್ದೆ. ಎರರ್ ಒಂಬತ್ತಲ್ಲ ಮೂವತ್ತೆಂಟು ಅಂದೆ. ನಮ್ಮ ಹುಡುಗನೆಂದು ಇಪ್ಪತ್ತೊಂಬತ್ತು ಸಲ ಸುಳ್ಳು ಬರೆದೆ, ಇನ್ನೊಬ್ಬನ ಅನ್ನ ಕಿತ್ತೆ ಅಂದೆ. ಜನ ಮುಖ ಮುಖ ನೋಡಿಕೊಂಡರು. ಬೇಸ್‌ಬಾಲಿನ ಲೆಕ್ಕ ಅಲ್ಲಿ ಯಾರಿಗೂ ಅಷ್ಟಾಗಿ ತಿಳಿಯದು. ಕೊನೆಗೆ, ಇವನ ಕಣ್ಣು ಕಳೆದವನ ಕೈಯನ್ನು ತುಳಿದು ಮುರಿದವನೂ ನಾನೇ ಅಂದೆ.

ಇದು ಎಲ್ಲರಿಗೂ ಅರ್ಥವಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಇಡೀ ಹಾಲ್ ಎದ್ದು ನಿಂತಿತು. ಶಿಳ್ಳೆ ಬಂದವು. ಒಳ್ಳೇ ಕೆಲಸ ಮಾಡಿದಿರಿ ಎಂದು ಹಿರಿಯರೊಬ್ಬರು ಕೂಗಿದರು. ಶ್ರೀಪತಿ ಬೇರೆಯವರಿಗೆಂದು ತಂದಿದ್ದ ಶಾಲನ್ನು ನನ್ನ ಹೆಗಲಿಗೆ ಹೊದಿಸಿದರು. ನಾನು ಬೇಡ ಬೇಡ ಅನ್ನುತ್ತಿದ್ದೆ, ಗದ್ದಲದಲ್ಲಿ ಅದು ವಿನಯದಂತೆ ಕಂಡಿರಬೇಕು.

ದುಷ್ಯಂತ್ ವೇದಿಕೆ ಹತ್ತಿ ಬಂದ. ಶಾಲಿನ ಸಮೇತ ನನ್ನ ಕೊರಳಪಟ್ಟಿ ಹಿಡಿದು, ಕಾಲು ನೆಲ ಬಿಡುವಷ್ಟು ಎತ್ತಿದ. ಚಪ್ಪಾಳೆ ನಿಂತಿತು. ಅವನು ಕನ್ನಡದಲ್ಲಿ ಮಾತಾಡಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

“ಅಂಕಲ್, ವೇಡ್‌ಗೆ ಹೇಳಿದೀರಾ?”

ಕುಬೆನಾಗೆ ಇನ್ನೂ ಹೇಳಿಲ್ಲ ಅಂದೆ.

“ಮತ್ತೆ ಇವರಿಗ್ಯಾಕೆ ಹೇಳ್ತಿದೀರಾ?”

ಕುತ್ತಿಗೆ ಬಿಗಿದು ನನಗೆ ಉಸಿರು ಸಿಗಲಿಲ್ಲ. ಅವನು ಹಿಂದಕ್ಕೆ ನೂಕಿದ. ವೇದಿಕೆಯ ಮೆಟ್ಟಿಲಿಗೆ ಬಾಯಿ ಬಡಿದು ತುಟಿ ಸೀಳಿತು, ಒಂದು ಹಲ್ಲು ಮುರಿಯಿತು. ಮೋಹನರಾಜ ನನ್ನ ಕೈಯಿಂದ ಬಿದ್ದ ಲೆಕ್ಕದ ಹಾಳೆಯನ್ನು ಎತ್ತಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. ಮಗನ ಹಿಂದೆ ಹೊರಗೆ ನಡೆಯುವಾಗ ನನ್ನನ್ನು ದಾಟಿಕೊಂಡೇ ಹೋದರು, ಕೈ ಕೊಟ್ಟು ಎಬ್ಬಿಸಲಿಲ್ಲ.

ಮರುದಿನ ಬೆಳಿಗ್ಗೆ ಟೇಲರ್‌ಗೆ ಹೋದೆ. ಸೌಂದರ್ಯಾ ಕಾರಿನಲ್ಲೇ ಕೂತಳು. ಕುಬೆನಾ ಮನೆಯ ಮುಂದೆ ಬಲಗೈಯಲ್ಲಿ ಪೈಪ್ ಹಿಡಿದು ಟ್ರಕ್ ತೊಳೆಯುತ್ತಿದ್ದ. ಎಡಗೈ ಜಾಕೆಟ್ಟಿನ ಜೇಬಿನಲ್ಲಿತ್ತು. ನನ್ನ ಗುರುತು ಹಿಡಿದ, ಊದಿದ ತುಟಿಯನ್ನು ನೋಡಿದ, ನೀರು ನಿಲ್ಲಿಸಿದ. ನಾನು ಎಲ್ಲವನ್ನೂ ಹೇಳಿದೆ. ಹನ್ನೊಂದು ಚೆಂಡು, ಯಾವ ದಿನ, ಯಾವ ಇನಿಂಗ್ಸ್, ಹದಿನೇಳು ರನ್. ಲೀಗಿಗೆ ಬರೆದಿದ್ದೇನೆ, ಹಳೆಯ ಪುಸ್ತಕ ತಿದ್ದುವುದಿಲ್ಲ ಎಂದಿದ್ದಾರೆ ಅಂದೆ. ಅವನು ಅಡ್ಡ ಬಾಯಿ ಹಾಕದೆ ಕೇಳಿದ. ನನ್ನ ಸರಾಸರಿ ನಿಜವಾಗಿ ಎಷ್ಟಿತ್ತು ಎಂದು ಒಂದೇ ಪ್ರಶ್ನೆ ಕೇಳಿದ. 3.91 ಅಂದೆ. ಇನ್ನೊಂದು ಸಲ ಹೇಳು ಅಂದ. ಹೇಳಿದೆ.

ಆಮೇಲೆ ಬೂಟಿನ ವಿಷಯ ಹೇಳಿದೆ. ಮೂರು ಸಲ ಎಂಬುದನ್ನೂ, ಮೂರನೆಯದರಲ್ಲಿ ಹಿಮ್ಮಡಿ ತಿರುಗಿಸಿದ್ದನ್ನೂ ಬಿಡಲಿಲ್ಲ. ಪೊಲೀಸರಿಗೆ ಕೊಡುವುದಾದರೆ ಬರೆದುಕೊಡುತ್ತೇನೆ ಅಂದೆ.

ಅವನು ಪೈಪ್ ಬಿಸಾಡಿ ಎಡಗೈಯನ್ನು ಜೇಬಿನಿಂದ ತೆಗೆದು ಹಿಂದಕ್ಕೆ ಎಳೆದ. ಹುಟ್ಟಿನಿಂದ ಎಡಗೈಯವನು, ಸಿಟ್ಟಿನಲ್ಲಿ ಕೈ ತಾನಾಗಿ ಎದ್ದಿತ್ತು. ನಾನು ಮುಖ ತಪ್ಪಿಸದೆ ನಿಂತೆ. ಮುಷ್ಟಿ ಕಟ್ಟಲು ಹೋದ, ಮೂರು ಬೆರಳು ಮಡಚಲಿಲ್ಲ. ಆ ತೆರೆದ ಕೈ ನನ್ನ ಕೆನ್ನೆಗೆ ಬಿತ್ತು. ನೋವು ಅವನಿಗೇ ಆಯಿತು, ಹಲ್ಲು ಕಚ್ಚಿದ್ದು ಕಂಡಿತು. ಮತ್ತೆ ಅದೇ ಕೈ ಎತ್ತಿ ಹೊಡೆದ, ಮತ್ತೆ ಹೊಡೆದ. ನನಗೆ ಸ್ವಲ್ಪವೂ ನೋಯಲಿಲ್ಲ.